ಬೇಟೆ ನಾಯಿ ಓಡಿದ ದಾರಿ



ನಾನು ಶಾಲೆಯಲ್ಲಿ ಕಲಿಸುವುದು ಉರ್ದು ಮತ್ತು ಕನ್ನಡ. ಇತಿಹಾಸ ನನ್ನ ವಿಷಯವಲ್ಲ. ಆದರೆ ಸಮಾಜ ವಿಜ್ಞಾನದ ಅಧ್ಯಾಪಕರು ರಜೆಯಲ್ಲಿದ್ದ ಒಂದು ದಿನ ಅವರ ಪಿರಿಯಡ್ ನನ್ನ ಪಾಲಿಗೆ ಬಂತು. ಪಾಠ ರಾಷ್ಟ್ರಕೂಟರದ್ದು. ಮಧ್ಯಾಹ್ನದ ಊಟ ಮುಗಿದ ಹೊತ್ತು, ಹೊರಗೆ ಸುಡುವ ಬಿಸಿಲು, ಮಕ್ಕಳ ಕಣ್ಣಿನಲ್ಲಿ ನಿದ್ದೆ. ಅರಸರ ಹೆಸರು ಮತ್ತು ಇಸವಿಗಳನ್ನು ಒಪ್ಪಿಸಿ ಪ್ರಯೋಜನವಿಲ್ಲವೆಂದು ತಿಳಿದು, ತಕ್ಕೋಲಂ ಯುದ್ಧದ ಸುದ್ದಿಯನ್ನು ಹೇಳುವ ಶಾಸನದಲ್ಲಿ ಒಂದು ಬೇಟೆ ನಾಯಿಯ ಕಥೆಯೂ ಇದೆ ಎಂದೆ. ತರಗತಿಗೆ ಎಚ್ಚರವಾಯಿತು.

ಕಥೆ ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಪುತ್ತಿಗೆಯಲ್ಲಿ ಗುಡ್ಡದ ಬದಿಯ ಮನೆಯವನು. ಮನೆಯಲ್ಲಿ ಸ್ವಲ್ಪ ಅಡಿಕೆ, ಸ್ವಲ್ಪ ಗದ್ದೆ, ಎರಡು ನಾಯಿಗಳು. ಆ ವಾರ ಅವನು ಎರಡು ದಿನ ಶಾಲೆಗೆ ಬಂದಿರಲಿಲ್ಲ. ಕಾರಣ ಕೇಳಿದಾಗ ತಲೆ ತಗ್ಗಿಸಿ ಸುಮ್ಮನಿದ್ದವನು ಈಗ ತಾನಾಗಿಯೇ ಹೇಳಿದ. ರಾತ್ರಿ ಗದ್ದೆಗೆ ಕಾಡುಹಂದಿ ನುಗ್ಗಿತ್ತಂತೆ. ಮನೆಯವರು ಅದರ ಮೇಲೆ ನಾಯಿ ಬಿಟ್ಟರಂತೆ. ಹಂದಿ ಕೋರೆಯಿಂದ ತಿವಿದು ಒಂದು ನಾಯಿಯ ಹೊಟ್ಟೆಯೇ ಸೀಳಿಹೋಯಿತಂತೆ. ಎರಡು ದಿನ ನರಳಿ ಅದು ಸತ್ತಿತು. ಅಷ್ಟು ಹೇಳಿ ಅವನು ಕೇಳಿದ ಪ್ರಶ್ನೆ ಇದು: "ಸರ್, ರಾಜರು ನಾಯಿ ಬಿಟ್ಟು ಹಂದಿ ಹಿಡಿಸಿದರೆ ಶಾಸನ ಹಾಕ್ತಾರೆ. ನಾವು ಮಾಡಿದರೆ ಕೇಸ್ ಹಾಕ್ತಾರೆ. ಅದು ಯಾಕೆ?"

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಗಂಟೆ ಹೊಡೆದದ್ದರಿಂದ ನಾನು ಪಾರಾದೆ ಎನ್ನಬಹುದು. ಆದರೆ ಅವನ ಪ್ರಶ್ನೆ ನನ್ನ ಜೊತೆಗೇ ಮನೆಗೆ ಬಂತು. ಅದಕ್ಕೆ ಉತ್ತರ ಹುಡುಕುತ್ತಾ ಓದಿದ್ದನ್ನು, ತಿಳಿದವರಿಂದ ಕೇಳಿದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ನನಗೆ ಸಿಕ್ಕ ಉತ್ತರ ಕೊನೆಗೆ ಒಂದು ಪದಕ್ಕೆ ಬಂದು ನಿಲ್ಲುತ್ತದೆ. ಆ ಪದ 'ಹದ್ದು'. ಆಕಾಶದಲ್ಲಿ ಹಾರುವ ಹದ್ದೆಂದು ತಿಳಿಯಬೇಡಿ. ಸರಹದ್ದು, ಹದ್ದುಬಸ್ತು, ಹದ್ದು ಮೀರುವುದು ಎನ್ನುವಾಗ ಬರುವ ಹದ್ದು. ಅರಬಿ ಭಾಷೆಯ 'ಹದ್' ಎಂಬ ಶಬ್ದ ಫಾರಸಿ ಮತ್ತು ಉರ್ದುವಿನ ಮೂಲಕ ಕನ್ನಡಕ್ಕೆ ಬಂದು ನಮ್ಮದೇ ಆಗಿದೆ. ಅದರ ಅರ್ಥ ಎಲ್ಲೆ, ಗಡಿ, ಮಿತಿ.

ಆತಕೂರಿನ ಕಾಳಿ

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ದೊರೆತ ಒಂದು ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕ ವರ್ಷ 872, ಅಂದರೆ ಕ್ರಿ.ಶ. 949-50ರ ಕನ್ನಡ ಶಾಸನ ಅದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತಕ್ಕೋಲಂ ಎಂಬಲ್ಲಿ ಚೋಳರ ರಾಜಾದಿತ್ಯನನ್ನು ಎದುರಿಸಿದಾಗ ಗಂಗ ಅರಸ ಇಮ್ಮಡಿ ಬೂತುಗನು ಕೃಷ್ಣನ ಪರವಾಗಿ ಹೋರಾಡಿದ. ರಾಜಾದಿತ್ಯ ಆ ಯುದ್ಧದಲ್ಲಿ ಮಡಿದ. ಬೂತುಗನ ಕಡೆಯ ವೀರರಲ್ಲಿ ಮಣಲೇರ ಎಂಬಾತನೂ ಇದ್ದ. ಅವನ ಶೌರ್ಯಕ್ಕೆ ಮೆಚ್ಚಿದ ಅರಸ, ಏನು ಬೇಕೋ ಕೇಳು ಎಂದ. ಮಣಲೇರ ಹೊನ್ನು ಕೇಳಲಿಲ್ಲ, ಪದವಿ ಕೇಳಲಿಲ್ಲ. ಕಾಳಿ ಎಂಬ ಬೇಟೆ ನಾಯಿಯನ್ನು ಕೇಳಿ ಪಡೆದ.

ಮುಂದೆ ಕೆಳಲೆನಾಡಿನ ಬೆಳತೂರಿನ ಪಶ್ಚಿಮಕ್ಕಿದ್ದ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಹೋರಾಡಿ ಜೊತೆಯಾಗಿಯೇ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಕೆರೆಯ ಕೆಳಗಿನ ಭೂಮಿಯನ್ನು ಬಿಟ್ಟರು. ಆ ಭೂಮಿಯನ್ನು ಹಾಳು ಮಾಡಿದವರಿಗೆ ಆ ನಾಯಿಯ ಪಾಪ ತಟ್ಟುತ್ತದೆ ಎಂಬ ಎಚ್ಚರಿಕೆಯೂ ಶಾಸನದಲ್ಲಿದೆ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಸೆಣಸುವ ಚಿತ್ರವನ್ನು ಕೆತ್ತಲಾಗಿದೆ.

ಓದುಗರೇ, ಇಲ್ಲಿ ಒಂದು ವಿಷಯವನ್ನು ಗಮನಿಸಿ. ಚಕ್ರವರ್ತಿಯ ದೊಡ್ಡ ಯುದ್ಧದ ಸುದ್ದಿ ಮತ್ತು ಒಂದು ನಾಯಿಯ ಸಾವಿನ ಸುದ್ದಿ ಒಂದೇ ಕಲ್ಲಿನ ಮೇಲಿವೆ. ನಾಯಿ ಗೆದ್ದಿತು ಎಂದು ಶಾಸನ ಸುಳ್ಳು ಹೇಳುವುದಿಲ್ಲ. ಎದುರಾಳಿ ಹಂದಿಯನ್ನು ಹೀಯಾಳಿಸುವುದೂ ಇಲ್ಲ. ಎರಡೂ ಜೊತೆಯಾಗಿ ಸತ್ತವು ಎಂದಷ್ಟೇ ಹೇಳುತ್ತದೆ. ಸಾವಿರ ವರ್ಷಗಳ ಹಿಂದಿನ ಕನ್ನಡಿಗರು ಮೂಕಪ್ರಾಣಿಯ ಋಣವನ್ನು ಹೀಗೆ ತೀರಿಸಿದ್ದರು.

ಬೇಟೆ ನಾಯಿಯ ವಿಚಾರ ಅಲ್ಲಿಗೇ ಮುಗಿಯಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಅವನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಎಂಬ ವಿಶ್ವಕೋಶದಂಥ ಗ್ರಂಥದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ನಾಯಿಗಳ ವಿನೋದಕ್ಕೂ ಜಾಗವಿದೆ. ಕಾಳಿಯ ಕಾಲದಲ್ಲಿ ವೀರನ ಬಹುಮಾನವಾಗಿದ್ದ ನಾಯಿ, ಇನ್ನೂರು ವರ್ಷಗಳೊಳಗೆ ಅರಮನೆಯ ಶಾಸ್ತ್ರದ ವಿಷಯವೂ ಆಯಿತು.

ಕಣ್ಣಿನ ನಾಯಿ, ಮೂಗಿನ ನಾಯಿ

ಬೇಟೆ ನಾಯಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬಗೆಯದು ಮೂಗಿನಿಂದ ಬೇಟೆಯಾಡುತ್ತದೆ. ಪ್ರಾಣಿ ಕಣ್ಣಿಗೆ ಕಾಣದಿದ್ದರೂ ಅದು ನೆಲದ ಮೇಲೆ ಬಿಟ್ಟುಹೋದ ವಾಸನೆಯನ್ನು ಹಿಡಿದು, ಬೊಗಳುತ್ತಾ, ಗುಂಪಾಗಿ, ಗಂಟೆಗಟ್ಟಲೆ ಹಿಂಬಾಲಿಸುತ್ತದೆ. ಇಂಗ್ಲೆಂಡಿನ ಫಾಕ್ಸ್‌ಹೌಂಡ್ ಈ ಬಗೆಯದು. ಇನ್ನೊಂದು ಬಗೆಯದು ಕಣ್ಣಿನಿಂದ ಬೇಟೆಯಾಡುತ್ತದೆ. ಬಯಲಿನಲ್ಲಿ ದೂರದ ಮೊಲವನ್ನೋ ನರಿಯನ್ನೋ ಕಂಡ ಕೂಡಲೇ ಬಾಣದಂತೆ ಹಾರಿ ಕೆಲವೇ ನಿಮಿಷಗಳಲ್ಲಿ ಓಟವನ್ನು ಮುಗಿಸುತ್ತದೆ. ಉದ್ದ ಕಾಲು, ಆಳವಾದ ಎದೆ, ಒಳಗೆ ಸೇದಿದ ಹೊಟ್ಟೆ, ಚೂಪು ಮೂತಿ ಇದರ ಲಕ್ಷಣ. ಪೂರ್ಣ ವೇಗದಲ್ಲಿ ಓಡುವಾಗ ಪ್ರತಿ ನೆಗೆತದಲ್ಲಿಯೂ ಎರಡು ಸಲ ಇದರ ನಾಲ್ಕೂ ಕಾಲುಗಳು ನೆಲ ಬಿಟ್ಟಿರುತ್ತವೆ. ಗ್ರೇಹೌಂಡ್, ಅರಬರ ಸಲೂಕಿ, ನಮ್ಮ ಮುಧೋಳ ನಾಯಿ ಈ ಜಾತಿಯವು.

ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರು ಹೊತ್ತ ಈ ನಾಯಿಗೆ 'ಕಾರವಾನಿ' ಎಂಬ ಹೆಸರೂ ಇದೆ. ಉರ್ದು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. 'ಕಾರವಾನ್' ಎಂದರೆ ಒಟ್ಟಾಗಿ ಪಯಣಿಸುವ ವರ್ತಕರ ತಂಡ. ಪರ್ಷಿಯ, ಅಫ್ಘಾನಿಸ್ತಾನ, ಅರೇಬಿಯಗಳಿಂದ ದಖ್ಖನಿಗೆ ಬಂದ ವರ್ತಕರ ಮತ್ತು ಸೈನಿಕರ ಜೊತೆಗೆ ಸಲೂಕಿಯಂಥ ನಾಯಿಗಳೂ ಬಂದವು, ಇಲ್ಲಿನ ನಾಯಿಗಳೊಂದಿಗೆ ಬೆರೆತು ಈ ತಳಿಯಾಯಿತು ಎಂಬುದು ಸಾಮಾನ್ಯ ಅಭಿಪ್ರಾಯ. ಉರ್ದುವಿನಲ್ಲಿ ಓಟದ ಬೇಟೆ ನಾಯಿಯನ್ನು 'ತಾಜೀ' ಎನ್ನುತ್ತೇವೆ. ಫಾರಸಿಯಲ್ಲಿ ಆ ಶಬ್ದಕ್ಕೆ ಅರಬ ದೇಶದ್ದು ಎಂಬ ಅರ್ಥ. ಕನ್ನಡದ 'ಶಿಕಾರಿ'ಯೂ ಫಾರಸಿಯಿಂದಲೇ ಬಂದದ್ದು. ನಾಯಿ ನಡೆದ ದಾರಿಯಲ್ಲಿ ಪದಗಳೂ ನಡೆದು ಬಂದವು.

ನಾಯಿಗಳು ಇಲ್ಲಿಂದ ಹೊರಗೂ ಹೋಗಿವೆ. ಪರ್ಷಿಯದ ಆಳ್ವಿಕೆಯಲ್ಲಿದ್ದ ಬ್ಯಾಬಿಲೋನಿನ ರಾಜ್ಯಪಾಲನು ಭಾರತದ ನಾಯಿಗಳನ್ನು ಬಹುಸಂಖ್ಯೆಯಲ್ಲಿ ಸಾಕಿದ್ದನೆಂದೂ, ಅವುಗಳ ಆಹಾರ ಒದಗಿಸಲು ನಾಲ್ಕು ಹಳ್ಳಿಗಳಿಗೆ ಬೇರೆ ತೆರಿಗೆಗಳಿಂದ ವಿನಾಯಿತಿ ಕೊಡಲಾಗಿತ್ತೆಂದೂ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಸುಮಾರು 2400 ವರ್ಷಗಳ ಹಿಂದೆ ಬರೆದಿದ್ದಾನೆ.

ಮುಧೋಳದ ಸೀಮೆಯಲ್ಲಿ ಈ ನಾಯಿಯನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದವರಲ್ಲಿ ಬೇಡರು ಮುಖ್ಯರು. ಇದೇ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದಾಗ ಒಪ್ಪದೆ ದಂಗೆಯೆದ್ದದ್ದು ನಮ್ಮ ಪಠ್ಯಪುಸ್ತಕಗಳಲ್ಲಿಯೂ ಇದೆ. ಬೇಟೆಗಾರನ ಆಯುಧ ಅವನ ಅನ್ನವೂ ಹೌದು, ಮಾನವೂ ಹೌದು. ಮುಂದೆ 20ನೇ ಶತಮಾನದ ಮೊದಲ ಭಾಗದಲ್ಲಿ ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆ ಈ ತಳಿಗೆ ಆಸರೆ ಕೊಟ್ಟು ಬೆಳೆಸಿದರು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿ ನಾಯಿಗಳನ್ನು ಕಾಣಿಕೆಯಾಗಿ ಕೊಟ್ಟದ್ದರಿಂದ ಮುಧೋಳದ ಹೆಸರು ಹೊರದೇಶಗಳಿಗೂ ಹಬ್ಬಿತು.

ನಮ್ಮ ಊರಿನ ಬೋಂಟೆ

ಈಗ ನಮ್ಮ ಊರಿಗೆ ಬರೋಣ. ಪುತ್ತಿಗೆ ಎಂದರೆ ಈಗ ಮೂಡುಬಿದಿರೆಯ ಬಳಿಯ ಒಂದು ಗ್ರಾಮ. ಆದರೆ ಒಂದು ಕಾಲದಲ್ಲಿ ಇದು ಚೌಟ ಅರಸರ ರಾಜಧಾನಿಯಾಗಿತ್ತು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಚೌಟ ಮನೆತನದವಳು. ಚೌಟರು ಜೈನರು. ಪಕ್ಕದ ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ ಇಂದಿಗೂ ಇದೆ. ಜೈನ ಧರ್ಮವು ಮನುಷ್ಯನನ್ನು ಕೆಡಿಸುವ ಏಳು ವ್ಯಸನಗಳನ್ನು ಹೆಸರಿಸುತ್ತದೆ. ಜೂಜು, ಮದ್ಯ, ಕಳವುಗಳ ಸಾಲಿನಲ್ಲಿ ಬೇಟೆಯೂ ಅದರಲ್ಲಿ ಒಂದು. ಚಾಣಕ್ಯನ ಅರ್ಥಶಾಸ್ತ್ರವೂ ಅರಸರ ವ್ಯಸನಗಳಲ್ಲಿ ಬೇಟೆಯನ್ನು ಸೇರಿಸಿದೆ. ಅಶೋಕ ಚಕ್ರವರ್ತಿಯಂತೂ ಅರಸರ ಬೇಟೆಯ ಪ್ರವಾಸಗಳನ್ನು ನಿಲ್ಲಿಸಿ ಧರ್ಮಯಾತ್ರೆ ಕೈಗೊಂಡೆನೆಂದು ಬಂಡೆಯ ಮೇಲೆ ಬರೆಸಿದ. ರಾಜರು ಬೇಟೆಯಾಡಿದ್ದಕ್ಕೆಲ್ಲ ಶಾಸನ ಹಾಕಿಸಿಕೊಂಡರು ಎಂಬ ನನ್ನ ವಿದ್ಯಾರ್ಥಿಯ ಮಾತು ಪೂರ್ತಿ ನಿಜವಲ್ಲ. ಬೇಟೆ ಬಿಟ್ಟದ್ದಕ್ಕೂ ಶಾಸನವಿದೆ.

ಅರಮನೆಯ ಮಾತು ಹಾಗಿರಲಿ. ತುಳುನಾಡಿನ ಒಕ್ಕಲು ಮಕ್ಕಳಿಗೆ ಬೇಟೆ ಬದುಕಿನ ಒಂದು ಭಾಗವಾಗಿತ್ತು. ತುಳುವಿನಲ್ಲಿ ಅದಕ್ಕೆ 'ಬೋಂಟೆ' ಎಂದು ಹೆಸರು. ಫೆಬ್ರವರಿ ತಿಂಗಳ ಎರಡನೇ ವಾರದ ಸುಮಾರಿಗೆ ಬರುವ ಕೆಡ್ಡಸದ ಮೂರು ದಿನ ಭೂಮಿಗೆ ವಿಶ್ರಾಂತಿ. ಉಳುವಂತಿಲ್ಲ, ಅಗೆಯುವಂತಿಲ್ಲ. ಹಿಂದೆ ಆ ದಿನಗಳಲ್ಲಿ ಊರಿನ ಗಂಡಸರು ಒಟ್ಟಾಗಿ ನಾಯಿಗಳನ್ನು ಕರೆದುಕೊಂಡು ಬೋಂಟೆಗೆ ಹೊರಡುತ್ತಿದ್ದರು. ಕೆಲವರು ಹಾಡಿಯ ಒಂದು ಬದಿಯಿಂದ ಸದ್ದು ಮಾಡುತ್ತಾ, ನಾಯಿಗಳನ್ನು ಛೂ ಬಿಡುತ್ತಾ ಬರುವುದು, ಉಳಿದವರು ಇನ್ನೊಂದು ಬದಿಯಲ್ಲಿ ಕಾದು ನಿಲ್ಲುವುದು ಅದರ ಕ್ರಮ. ನಾಯಿಗಳು ಯಾವ ತಳಿಯವೂ ಅಲ್ಲ. ಅಂಗಳದಲ್ಲಿ ಅನ್ನ ತಿಂದು ಬೆಳೆದ ಊರ ನಾಯಿಗಳೇ.

ಹಂದಿ ನಮ್ಮ ಸಮುದಾಯದ ಊಟದ ಪ್ರಾಣಿಯಲ್ಲ. ಆದರೆ ಗದ್ದೆ ತೋಟ ಮಾಡಿದ ಯಾವ ಜಾತಿಯವನಿಗೂ ಹಂದಿಯ ಕಾಟ ಎಂದರೆ ಏನೆಂದು ಗೊತ್ತು. ಒಂದೇ ರಾತ್ರಿಯಲ್ಲಿ ಗೆಣಸಿನ ಸಾಲು, ಬಾಳೆಯ ಬುಡ, ತೆನೆ ಬಂದ ಭತ್ತ ಎಲ್ಲವೂ ನೆಲಸಮ. ಆದರೂ ಇದೇ ನಾಡು ಹಂದಿಯನ್ನು ಬರೀ ಶತ್ರುವೆಂದು ಕಂಡಿಲ್ಲ. ಇಲ್ಲಿ ಪಂಜುರ್ಲಿ ಎಂಬ ಹಂದಿ ರೂಪದ ದೈವಕ್ಕೆ ಕೋಲ ನಡೆಯುತ್ತದೆ. ಬೆಳೆ ಹಾಳು ಮಾಡುವ ಪ್ರಾಣಿಯನ್ನೇ ಬೆಳೆ ಕಾಯುವ ಶಕ್ತಿಯೆಂದು ನೆರೆಯವರು ನಂಬಿದ್ದಾರೆ. ನಂಬಿಕೆ ಅವರವರದ್ದು. ಆದರೆ ಕೊಲ್ಲಬೇಕಾಗಿ ಬಂದ ಪ್ರಾಣಿಯ ಬಗ್ಗೆಯೂ ಒಂದು ಅಂಜಿಕೆ, ಒಂದು ಗೌರವ ಇತ್ತೆಂಬುದಕ್ಕೆ ಇದು ಸಾಕ್ಷಿ. ಆತಕೂರಿನ ಕಲ್ಲು ಹೇಳುವುದೂ ಇದನ್ನೇ.

ಕಲಿತ ನಾಯಿ

ನಾಯಿಯ ವಿಚಾರ ಬಂದಾಗ ನಮ್ಮ ಮನೆಗಳಲ್ಲಿ ಕೆಲವರು ಮುಖ ತಿರುಗಿಸುವುದುಂಟು. ಮನೆಯೊಳಗೆ ನಾಯಿಯನ್ನು ಮುದ್ದಿಗಾಗಿ ಸಾಕುವ ಪದ್ಧತಿ ನಮ್ಮಲ್ಲಿಲ್ಲ ಎಂಬುದು ನಿಜ. ಆದರೆ ಬೇಟೆಗೆ, ದನಕುರಿ ಕಾಯಲು ಮತ್ತು ಬೆಳೆ ಕಾಯಲು ನಾಯಿ ಸಾಕುವುದಕ್ಕೆ ಹದೀಸ್‌ಗಳಲ್ಲಿ ಸ್ಪಷ್ಟ ಅನುಮತಿಯಿದೆ. ಪವಿತ್ರ ಕುರ್‌ಆನಿನ ಅಲ್ ಕಹ್ಫ್ ಅಧ್ಯಾಯದಲ್ಲಿ ಗುಹೆಯಲ್ಲಿ ಮಲಗಿದ ಸಜ್ಜನರ ಜೊತೆಗೆ ಹೊಸ್ತಿಲಲ್ಲಿ ಕಾಲು ಚಾಚಿ ಮಲಗಿದ ನಾಯಿಯ ಪ್ರಸ್ತಾಪವೂ ಇದೆ. ಬಾಯಾರಿದ ನಾಯಿಗೆ ನೀರು ಕೊಟ್ಟ ಪಾಪಿಗೆ ಕ್ಷಮೆ ದೊರೆತ ಹದೀಸ್ ನಮ್ಮ ಮದರಸಾದ ಮಕ್ಕಳಿಗೂ ಗೊತ್ತು.

ಅಲ್ ಮಾಇದಾ ಅಧ್ಯಾಯದ 4ನೇ ವಚನ ಬೇಟೆ ನಾಯಿಗೆ ಸಂಬಂಧಿಸಿದ್ದು. ತರಬೇತಿ ಕೊಟ್ಟ ಪ್ರಾಣಿ ತನ್ನ ಒಡೆಯನಿಗಾಗಿ ಹಿಡಿದು ತಂದದ್ದು ತಿನ್ನಲು ಯೋಗ್ಯ ಎನ್ನುತ್ತದೆ. ಔದಾರ್ಯಕ್ಕೆ ಹೆಸರಾದ ಹಾತಿಮ್ ತಾಯಿಯ ಮಗ ಅದೀ ಈ ಬಗ್ಗೆ ಪ್ರವಾದಿಯವರನ್ನು (ಸ) ಕೇಳಿದ್ದುಂಟು. ಕಲಿತ ನಾಯಿಯನ್ನು ಅಲ್ಲಾಹನ ಹೆಸರು ಹೇಳಿ ಬಿಟ್ಟಿದ್ದರೆ ಅದು ಹಿಡಿದದ್ದನ್ನು ತಿನ್ನಬಹುದು. ನಾಯಿಯೇ ಅದರಲ್ಲಿ ತಿಂದಿದ್ದರೆ ಬೇಡ, ಏಕೆಂದರೆ ಅದು ತನಗಾಗಿ ಹಿಡಿದದ್ದು ಎಂಬುದು ಅವರಿಗೆ ಸಿಕ್ಕ ಉತ್ತರದ ಸಾರ.

ಇದರಲ್ಲಿ ವಿದ್ಯೆಯ ಮಹಿಮೆಯೂ ಇದೆ ಎಂದು ಹಿಂದಿನ ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಎರಡು ನಾಯಿಗಳು ಒಂದೇ ರೀತಿಯ ಮೊಲವನ್ನು ಹಿಡಿದರೂ ಕಲಿತ ನಾಯಿ ತಂದದ್ದು ಹಲಾಲ್, ಕಲಿಯದ ನಾಯಿ ಕೊಂದದ್ದು ಅಲ್ಲ. ನಾಯಿಗೇ ವಿದ್ಯೆಯಿಂದ ಇಷ್ಟು ಬೆಲೆ ಬರುವುದಾದರೆ ಮನುಷ್ಯನ ಮಕ್ಕಳ ಮಾತೇನು? ಕಲಿತ ನಾಯಿಯ ಲಕ್ಷಣವನ್ನೂ ನೋಡಿ. ಬಿಟ್ಟಾಗ ಓಡುತ್ತದೆ, ಕರೆದಾಗ ನಿಲ್ಲುತ್ತದೆ, ಹಸಿವಿದ್ದರೂ ಹಿಡಿದದ್ದನ್ನು ತಿನ್ನದೆ ಕಾಯುತ್ತದೆ. ಓಡುವುದನ್ನು ಯಾರೂ ನಾಯಿಗೆ ಕಲಿಸಬೇಕಾಗಿಲ್ಲ. ಕಲಿಸಬೇಕಾದದ್ದು ನಿಲ್ಲುವುದನ್ನು. ಹದ್ದು ಎಂದರೆ ಅದೇ. ಈ ಹದ್ದು ನಾಯಿಗೆ ಮಾತ್ರವಲ್ಲ, ಅದನ್ನು ಬಿಟ್ಟವನಿಗೂ ಇದೆ. ಜೀವವಿರುವ ಪ್ರಾಣಿಯನ್ನು ಆಟಕ್ಕಾಗಿ ಗುರಿ ಇಡುವುದನ್ನು ಪ್ರವಾದಿಯವರು (ಸ) ಕಟುವಾಗಿ ಖಂಡಿಸಿದ್ದಾರೆ.

ನೀಲಗಿರಿಯಲ್ಲಿ ಕೆಂಪು ಕೋಟು

ಆಟಕ್ಕಾಗಿಯೇ ನಡೆದ ಬೇಟೆಯೂ ನಮ್ಮ ಹತ್ತಿರದಲ್ಲೇ ಇತ್ತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ನಮ್ಮ ಕೆನರಾ ಸೀಮೆಯೂ ನೀಲಗಿರಿಯೂ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ಮದರಾಸು ಆಡಳಿತಕ್ಕೆ ಒಳಪಟ್ಟವು. ದಕ್ಷಿಣ ಕನ್ನಡ 1956ರವರೆಗೂ ಅದರಲ್ಲೇ ಇತ್ತು. ಮುಂದೆ ಬೇಸಗೆ ಬಂದರೆ ಮದರಾಸು ಸರಕಾರವೇ ಊಟಿಗೆ ಏರತೊಡಗಿತು. ದೊಡ್ಡಬೆಟ್ಟದ ಹೆಸರೇ ಹೇಳುವಂತೆ ಅದು ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬಡಗರ ನಾಡು. ಅಲ್ಲಿನ ವಿಶಾಲ ಹುಲ್ಲುಗಾವಲು ತೋಡರ ಎಮ್ಮೆಗಳು ಮೇಯುವ ನೆಲವಾಗಿತ್ತು.

ಇಂಗ್ಲೆಂಡಿನಲ್ಲಿ ಕುದುರೆ ಏರಿ ನಾಯಿಗಳ ಗುಂಪಿನೊಂದಿಗೆ ನರಿಯನ್ನು ಅಟ್ಟುವುದು ಶ್ರೀಮಂತರ ಆಟ. ಇಲ್ಲಿಗೆ ಬಂದ ಅಧಿಕಾರಿಗಳಿಗೆ ಅದೇ ಆಟ ಬೇಕೆನಿಸಿತು. ಇಂಗ್ಲೆಂಡಿನ ಕೆಂಪು ನರಿ ನೀಲಗಿರಿಯಲ್ಲಿಲ್ಲ. ಆದ್ದರಿಂದ ನಮ್ಮ ನರಿಯೇ ಅದರ ಬದಲಿಯಾಯಿತು. 19ನೇ ಶತಮಾನದಲ್ಲಿ 'ಊಟಿ ಹಂಟ್' ಹುಟ್ಟಿಕೊಂಡಿತು. ಫಾಕ್ಸ್‌ಹೌಂಡ್‌ಗಳನ್ನು ಇಂಗ್ಲೆಂಡಿನಿಂದ ಹಡಗಿನಲ್ಲಿ ತರಿಸಿದರು. ಬಯಲುಸೀಮೆಯ ಸೆಕೆ ತಡೆಯದ ಆ ನಾಯಿಗಳಿಗೆ ಬೆಟ್ಟದ ತಂಪು ಹಿಡಿಸಿತು. ಮದರಾಸಿನಲ್ಲಿ, ಪೇಶಾವರದಲ್ಲಿ ಕೂಡ ಇಂಥ ಹಂಟ್‌ಗಳಿದ್ದವು. ಊಟಿಯ ಆ ಬೇಟೆಯ ಬಯಲಿಗೆ ಮದರಾಸಿನ ಗವರ್ನರ್ ಲಾರ್ಡ್ ವೆನ್ಲಾಕ್‌ರ ಹೆಸರಿಟ್ಟು ವೆನ್ಲಾಕ್ ಡೌನ್ಸ್ ಎಂದು ಕರೆದರು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಹೆಸರು ಕೇಳಿದವರಿಗೆ ಈ ಹೆಸರು ಹೊಸದಲ್ಲ.

ಬೇಟೆಯ ಕ್ರಮ ಹೀಗಿತ್ತು. ಬೆಟ್ಟದ ಮಡಿಲಿನ ಶೋಲಾ ಕಾಡಿಗೆ ನಾಯಿಗಳನ್ನು ನುಗ್ಗಿಸುವುದು, ಅವು ವಾಸನೆ ಹಿಡಿದು ಕೂಗೆಬ್ಬಿಸಿದಾಗ ನರಿ ಹುಲ್ಲು ಬಯಲಿಗೆ ಓಡುವುದು, ಕೊಂಬು ಊದುವುದು, ಕೆಂಪು ಕೋಟಿನ ಸವಾರರು ಹಳ್ಳ ದಿಣ್ಣೆ ಹಾರಿಸಿ ಬೆನ್ನಟ್ಟುವುದು. ನರಿಯನ್ನು ತಿನ್ನುವವರಿಲ್ಲ. ಅದು ಅವರ ಬೆಳೆ ತಿಂದಿರಲಿಲ್ಲ, ಕೋಳಿ ಹಿಡಿದಿರಲಿಲ್ಲ. ಅದು ಓಡಬೇಕು, ಅವರು ಅಟ್ಟಬೇಕು, ಅಷ್ಟೇ. ಸವಾರರ ಧೈರ್ಯವನ್ನಾಗಲಿ, ನಾಯಿಗಳ ಮೇಲಿನ ಅವರ ಮಮತೆಯನ್ನಾಗಲಿ ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ನರಿಯ ನೆನಪಿಗೆ ಯಾರಾದರೂ ಒಂದು ಕಲ್ಲು ನೆಡುವುದು ಆ ಆಟದಲ್ಲಿ ಊಹಿಸಲೂ ಆಗದ ಮಾತು. ಸ್ವಾತಂತ್ರ್ಯದ ನಂತರವೂ ಸೈನ್ಯದ ಅಧಿಕಾರಿಗಳು ಊಟಿ ಹಂಟನ್ನು ಮುಂದುವರಿಸಿದರು. ಕಾಯ್ದೆ ಬಿಗಿಯಾದ ಮೇಲೆ ನರಿಯನ್ನು ಬಿಟ್ಟು, ಮೊದಲೇ ನೆಲದ ಮೇಲೆ ಎಳೆದಿಟ್ಟ ವಾಸನೆಯ ಜಾಡಿನಲ್ಲಿ ನಾಯಿಗಳನ್ನು ಓಡಿಸುವ ಕ್ರಮಕ್ಕೆ ಬದಲಾದರು.

ನರಿಯ ಅಮೆರಿಕದ ನೆಂಟ

ನರಿಗೆ ಅಮೆರಿಕದಲ್ಲಿ ಒಬ್ಬ ನೆಂಟನಿದ್ದಾನೆ, ಹೆಸರು ಕಯೋಟಿ. ನಮ್ಮ ನರಿಗಿಂತ ತುಸು ದೊಡ್ಡದು, ಅದೇ ಜಾಣತನ, ಅದೇ ಸಂಜೆಯ ಊಳು. ಅಲ್ಲಿನ ಹುಲ್ಲು ಬಯಲುಗಳಲ್ಲಿ ಕುರಿ ಸಾಕುವವರು ಗ್ರೇಹೌಂಡ್ ಜಾತಿಯ ಓಟದ ನಾಯಿಗಳನ್ನು ಬಿಟ್ಟು ಕಯೋಟಿಯನ್ನು ಅಟ್ಟುತ್ತಾ ಬಂದರು. 1905ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರೇ ಒಕ್ಲಹೋಮಾ ಪ್ರದೇಶಕ್ಕೆ ಹೋಗಿ ಇಂಥ ಬೇಟೆಯಲ್ಲಿ ಪಾಲ್ಗೊಂಡರು. ಅಲ್ಲಿ ಜಾನ್ ಅಬರ್ನಾಥಿ ಎಂಬ ಬೇಟೆಗಾರ ನಾಯಿಗಳು ತಡೆದು ನಿಲ್ಲಿಸಿದ ಪ್ರಾಣಿಯ ಬಾಯಿಗೆ ಬರಿಗೈ ಹಾಕಿ ದವಡೆ ಹಿಡಿದು ಜೀವಂತ ಸೆರೆಹಿಡಿದದ್ದನ್ನು ನೋಡಿ ಅಧ್ಯಕ್ಷರು ಬೆರಗಾದರು.

ಅದಾದ ಮೇಲೆ ಅಲ್ಲಿನ ಸರಕಾರ ವಿಷ, ಬೋನು, ಬಂದೂಕು ಎಲ್ಲವನ್ನೂ ಕಯೋಟಿಯ ಮೇಲೆ ಪ್ರಯೋಗಿಸಿತು. ಫಲ ಏನಾಯಿತು ಗೊತ್ತೇ? ದೊಡ್ಡ ತೋಳಗಳು ಬಹುಪಾಲು ಕಡೆಗಳಲ್ಲಿ ಅಳಿದವು. ಅವುಗಳ ಭಯ ಇಲ್ಲವಾದ ಮೇಲೆ ಕಯೋಟಿ ಪಶ್ಚಿಮದ ಬಯಲಿನಿಂದ ಪೂರ್ವದ ಕಡಲತೀರದವರೆಗೆ, ದೊಡ್ಡ ನಗರಗಳ ಒಳಗೂ ಹಬ್ಬಿತು. ಲೆಕ್ಕವಿಲ್ಲದೆ ಕೊಂದರೆ ಲೆಕ್ಕ ತಪ್ಪುತ್ತದೆ ಎಂಬ ಪಾಠ ಅದು. ನರಿ ಬೇಟೆಯ ತವರಾದ ಇಂಗ್ಲೆಂಡ್ ಕೂಡ 2004ರಲ್ಲಿ ಕಾಯ್ದೆ ಮಾಡಿ, ನಾಯಿ ಬಿಟ್ಟು ನರಿಯನ್ನು ಬೇಟೆಯಾಡುವುದನ್ನು ನಿಷೇಧಿಸಿತು. 2005ರ ಫೆಬ್ರವರಿಯಲ್ಲಿ ಅದು ಜಾರಿಗೆ ಬಂತು.

ಕಾಯ್ದೆಯ ಗೆರೆ

ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಮೊದಲು ಕೆಲವು ಪ್ರಾಣಿಗಳಿಗೆ ಪರವಾನಗಿ ಪಡೆದು ಬೇಟೆಯಾಡುವ ಅವಕಾಶವಿತ್ತು. 1991ರ ತಿದ್ದುಪಡಿಯಿಂದ ಆ ಬಾಗಿಲೂ ಮುಚ್ಚಿತು. ಕಾಡುಹಂದಿ ಮತ್ತು ನರಿ ಎರಡೂ ಈ ಕಾಯ್ದೆಯ ರಕ್ಷಣೆಯಲ್ಲಿವೆ. ಬೇಟೆ ಎಂದರೆ ಕೋವಿ ಹಾರಿಸುವುದು ಮಾತ್ರ ಎಂದು ಹಲವರು ತಿಳಿದಿದ್ದಾರೆ. ಕಾಯ್ದೆಯ ಪ್ರಕಾರ ಉರುಳು ಇಡುವುದು, ವಿಷ ಹಾಕುವುದು, ಬೆನ್ನಟ್ಟುವುದು, ಅದಕ್ಕೆ ಪ್ರಯತ್ನಿಸುವುದು ಕೂಡ ಬೇಟೆಯೇ.

ನರಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಒಳ್ಳೆಯದಾದಾಗ 'ನರಿ ಮುಖ ನೋಡಿ ಎದ್ದಿದ್ದೀಯಾ' ಎಂದು ಕೇಳುವ ಕನ್ನಡಿಗರೇ ಮೋಸಗಾರನನ್ನು ನರಿಬುದ್ಧಿಯವನು ಎನ್ನುತ್ತೇವೆ. ತುಳುವಿನಲ್ಲಿ ಅದು 'ಕುದ್ಕೆ', ಉರ್ದುವಿನಲ್ಲಿ 'ಗೀದಡ್'. ಅದರ ತಲೆಯಲ್ಲಿ ಅದೃಷ್ಟದ ಕೊಂಬಿದೆ ಎಂಬ ಮೂಢನಂಬಿಕೆಯಿಂದ 'ಗೀದಡ್ ಸಿಂಗಿ' ಎಂಬ ಹೆಸರಿನಲ್ಲಿ ಏನೇನನ್ನೋ ಮಾರುವವರಿದ್ದಾರೆ. ನರಿಗೆ ಕೊಂಬಿಲ್ಲ. ಅಂಥದ್ದನ್ನು ಕೊಂಡವನಿಗೆ ಬುದ್ಧಿಯಿಲ್ಲ ಎನ್ನಬೇಕಷ್ಟೆ. ನರಿಯ ನಿಜವಾದ ಕೆಲಸ ಬೇರೆ. ಅದು ಗದ್ದೆಯ ಇಲಿಯನ್ನು ತಿನ್ನುತ್ತದೆ, ಸತ್ತ ಪ್ರಾಣಿಯನ್ನು ತಿಂದು ನೆಲ ಶುಚಿ ಮಾಡುತ್ತದೆ, ಹಣ್ಣು ತಿಂದು ಬೀಜ ಹರಡುತ್ತದೆ. ಗೀದಡ್‌ಗೆ ಸಾವು ಬಂದರೆ ಅದು ಊರಿನ ಕಡೆ ಓಡುತ್ತದೆ ಎಂದು ಉರ್ದುವಿನಲ್ಲಿ ಒಂದು ಗಾದೆಯಿದೆ. ಈಗ ಊರೇ ಗುಡ್ಡ ಕಡಿದು ನರಿಯ ಕಡೆಗೆ ಓಡುತ್ತಿದೆ. ಗಾದೆಯನ್ನು ತಿರುಗಿಸಿ ಹೇಳಬೇಕಾದ ಕಾಲ ಬಂದಿದೆ.

ಬೇಟೆ ನಿಂತರೆ ಬೇಟೆ ನಾಯಿಯ ಗತಿಯೇನು ಎಂದು ನೀವು ಕೇಳಬಹುದು. ಮುಧೋಳ ನಾಯಿಯನ್ನೇ ನೋಡಿ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ತಳಿಯ ಸಂಶೋಧನಾ ಕೇಂದ್ರ ಆರಂಭವಾಯಿತು. 2016ರಲ್ಲಿ ಅದರ ಮರಿಗಳು ಮೀರತ್‌ನಲ್ಲಿರುವ ಸೈನ್ಯದ ತರಬೇತಿ ಕೇಂದ್ರಕ್ಕೆ ಹೋದವು. ಮೊಲದ ಹಿಂದೆ ಓಡುತ್ತಿದ್ದ ನಾಯಿ ಕಾವಲಿನ ವಿದ್ಯೆ ಕಲಿಯಿತು. ಕಲಿಸಿದರೆ ನಾಯಿ ಹೊಸದನ್ನು ಕಲಿಯುತ್ತದೆ. ಮನುಷ್ಯನಿಗೆ ಮಾತ್ರ ಹಳೆಯ ಚಟ ಬಿಡುವುದು ಕಷ್ಟ.

ಹುಡುಗನಿಗೆ ಕೊಟ್ಟ ಉತ್ತರ

ಮರುದಿನ ಆ ಹುಡುಗನನ್ನು ಕರೆದು ನನಗೆ ತಿಳಿದಷ್ಟನ್ನು ಹೇಳಿದೆ. ಒಂದು, ಆತಕೂರಿನ ಕಲ್ಲು ಹಂದಿ ಕೊಂದದ್ದಕ್ಕೆ ಹಾಕಿದ್ದಲ್ಲ, ನಾಯಿಯನ್ನು ಕಳೆದುಕೊಂಡದ್ದಕ್ಕೆ ಹಾಕಿದ್ದು. ಎರಡು, ಆಗ ಕಾಡಿನ ನಡುವೆ ಊರಿತ್ತು, ಈಗ ಊರುಗಳ ನಡುವೆ ಅಲ್ಲಲ್ಲಿ ಕಾಡಿನ ತುಂಡುಗಳಿವೆ. ಆಗಿನ ಹದ್ದು ಈಗಿನ ಹದ್ದಾಗಲು ಸಾಧ್ಯವಿಲ್ಲ. ಮೂರು, ಇಂದು ರಾಜವಂಶದವನು ಬೇಟೆಯಾಡಿದರೂ ಕೇಸ್ ಆಗುತ್ತದೆ. ಹಿಂದೆ ಅರಸನಿಗೊಂದು, ಒಕ್ಕಲಿಗನಿಗೊಂದು ನ್ಯಾಯವಿದ್ದರೆ ಈಗ ಕಾಯ್ದೆಯ ಗೆರೆ ಇಬ್ಬರಿಗೂ ಒಂದೇ.

ಆದರೆ ಅವನ ಪ್ರಶ್ನೆಯಲ್ಲಿ ಅರ್ಧ ಸತ್ಯ ಇದೆಯೆಂದೂ ಒಪ್ಪಿಕೊಂಡೆ. ವರ್ಷವಿಡೀ ದುಡಿದ ಬೆಳೆ ಒಂದೇ ರಾತ್ರಿಯಲ್ಲಿ ಹೋದವನಿಗೆ ಬರೀ ಕಾಯ್ದೆಯನ್ನು ಓದಿ ಹೇಳುವುದು ನ್ಯಾಯವಲ್ಲ. ವನ್ಯಪ್ರಾಣಿಗಳಿಂದ ಬೆಳೆ ಹಾನಿಯಾದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಸಲ್ಲಿಸಲು ಅವಕಾಶವಿದೆ. ಆದರೆ ಅರ್ಜಿ ಬರೆಯಲು ಬಾರದೆ, ಕಚೇರಿಗೆ ಅಲೆಯಲು ಪುರುಸೊತ್ತಿಲ್ಲದೆ ಸುಮ್ಮನಾಗುವವರು ನಮ್ಮಲ್ಲಿ ಎಷ್ಟೋ ಮಂದಿ. ಓದು ಬರಹ ಬಲ್ಲ ನಾವು ನೆರೆಯವನಿಗೆ ಒಂದು ಅರ್ಜಿ ಬರೆದುಕೊಟ್ಟರೆ, ಅವನು ರಾತ್ರಿ ನಾಯಿ ಬಿಡುವುದನ್ನೋ ಉರುಳು ಇಡುವುದನ್ನೋ ತಪ್ಪಿಸಿದಂತಾಗುತ್ತದೆ. ಆ ಹುಡುಗನ ಮನೆಯ ಅರ್ಜಿಯನ್ನು ನಾವಿಬ್ಬರೂ ಕೂತು ಬರೆದೆವು. ಅಕ್ಷರ ಅವನದು, ವ್ಯಾಕರಣ ನನ್ನದು.

ಆಮೇಲೆ ಸತ್ತ ನಾಯಿಯ ಹೆಸರೇನೆಂದು ಕೇಳಿದೆ. ಬಿಳಿಯ ಬಣ್ಣದ್ದು, ಬೊಳ್ಳ ಎಂದು ಕರೆಯುತ್ತಿದ್ದರಂತೆ. ಬೊಳ್ಳನ ಬಗ್ಗೆ ನಿನಗೆ ನೆನಪಿರುವುದನ್ನು ಬರೆದುಕೊಂಡು ಬಾ ಎಂದೆ. ಪ್ರಬಂಧ ಎಂದರೆ ಐದು ಸಾಲು ದಾಟದ ಹುಡುಗ ಒಂದೂವರೆ ಪುಟ ಬರೆದು ತಂದ. ಕಾಗುಣಿತದ ತಪ್ಪುಗಳು ಬೇಕಾದಷ್ಟಿದ್ದವು. ಕೊನೆಯಲ್ಲಿ, ಉಳಿದ ಇನ್ನೊಂದು ನಾಯಿಯನ್ನು ಇನ್ನು ಮುಂದೆ ರಾತ್ರಿ ಕಟ್ಟಿ ಹಾಕುತ್ತೇವೆ, ಹಂದಿ ಬಂದರೆ ಅದು ಬೊಗಳಿದರೆ ಸಾಕು ಎಂದು ಬರೆದಿದ್ದ.

ಓದುಗರೇ, ಆ ಪುಟವನ್ನು ನಾನು ಕೆಂಪು ಶಾಯಿಯಿಂದ ತಿದ್ದಲಿಲ್ಲ. ಇತಿಹಾಸದ ಪಾಠ ಅವನಿಗೆ ಮುಟ್ಟಿದೆ ಎಂದು ತಿಳಿದು, ತಾರೀಕು ಹಾಕಿ, ಸಹಿ ಮಾಡಿ ಹಿಂದಿರುಗಿಸಿದೆ.